ಸವೆದ ಹೆಗಲು: ಹರಿದ ರಜ್ಜು, ಬೆಳೆದ ಎಲುಬು ಮತ್ತು ಚಿಕಿತ್ಸೆಯ ದಾರಿಗಳು

ನನ್ನ ಅವ್ವನಿಗೆ 63 ತುಂಬಿದ ವರ್ಷ ಬಲಗೈ ಮೇಲಕ್ಕೆ ಏಳುವುದು ಕಡಿಮೆಯಾಗತೊಡಗಿತು. ನಾಗಂದಿಗೆಯ ಮೇಲಿನ ಡಬ್ಬಿ ಇಳಿಸುವಾಗ, ತಲೆ ಬಾಚಿ ಹೆರಳು ಹಾಕಿಕೊಳ್ಳುವಾಗ ಹೆಗಲಿನ ಹೊರಮಗ್ಗುಲಲ್ಲಿ ಚುಚ್ಚಿದಂತಾಗಿ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನೋವಿನಿಂದ ಎಚ್ಚರವಾಗುತ್ತಿತ್ತು. ಗದಗಿಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದವಳು ಹೇಳಿದ್ದು ಒಂದೇ ಮಾತು: “ಹೆಗಲಾಗ ಎಲುಬು ಬೆಳದೈತಂತ, ಅದನ್ನ ಕೆತ್ತಿ ತೆಗದ್ರ ಆರಾಮ ಆಗ್ತೈತಂತ.”

ಐವತ್ತು ದಾಟಿದವರಿರುವ ಮನೆಗಳಲ್ಲಿ ಈ ಮಾತು ಹೊಸದಲ್ಲ. ಎಲುಬಿನ ಮುಳ್ಳು ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜು, ಅಂದರೆ ಟೆಂಡನ್, ಅದರಲ್ಲಿ ಕಾಣುವುದೇ ಇಲ್ಲ. ಹೀಗಾಗಿ ಕಣ್ಣಿಗೆ ಬಿದ್ದದ್ದರ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಸಹಜವಾಗಿಬಿಟ್ಟಿದೆ. ಆದರೆ ವಯಸ್ಸಿನ ಸವೆತದಿಂದ ಬರುವ ಹೆಗಲ ನೋವಿನಲ್ಲಿ ಚಿಕಿತ್ಸೆಯ ತೀರ್ಮಾನ ನಿಲ್ಲಬೇಕಾದದ್ದು ಆ ಕಾಣದ ರಜ್ಜುವಿನ ಸ್ಥಿತಿಯ ಮೇಲೆ, ಅದನ್ನು ಎಳೆಯುವ ಸ್ನಾಯುವಿನ ಬಲದ ಮೇಲೆ ಮತ್ತು ಆ ಕೈಯಿಂದ ಆ ಮನುಷ್ಯನಿಗೆ ಆಗಬೇಕಾದ ಕೆಲಸದ ಮೇಲೆ ಎಂಬುದು ನಾನು ಓದಿ, ಕೇಳಿ, ಅವ್ವನ ಜೊತೆಗೆ ಓಡಾಡಿ ಅರಿತ ಸಂಗತಿ.

ಸೊಂಟದ ಕೀಲು ಒರಳಿನೊಳಗೆ ಕುಳಿತ ಗುಂಡಿನಂತೆ ಆಳವಾಗಿ ಭದ್ರವಾಗಿದೆ. ಹೆಗಲು ಹಾಗಲ್ಲ, ಅಲ್ಲಿ ತೋಳಿನ ಎಲುಬಿನ ದುಂಡು ತಲೆ, ಆಳವಿಲ್ಲದ ಬಟ್ಟಲಿಗೆ ಆನಿಸಿ ಹಿಡಿದ ಲಿಂಬೆಹಣ್ಣಿನಂತಿದೆ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಈ ಸಡಿಲದಿಂದಲೇ, ಕೀಲು ಅಭದ್ರವಾಗಿರುವುದೂ ಇದರಿಂದಲೇ. ಮೇವು ಹೇರಿದ ಗಾಡಿಗೆ ಎಲ್ಲ ಕಡೆಯಿಂದ ಹಗ್ಗ ಬಿಗಿಯುವಂತೆ, ಹೆಗಲ ಹಲಗೆಯ ಎಲುಬಿನಿಂದ ಹೊರಟ ನಾಲ್ಕು ಸ್ನಾಯುಗಳ ರಜ್ಜುಗಳು ಆ ದುಂಡು ತಲೆಯನ್ನು ಹಿಂದೆ, ಮುಂದೆ ಮತ್ತು ಮೇಲಿನಿಂದ ಅಪ್ಪಿ ಹಿಡಿದಿವೆ. ಈ ನಾಲ್ಕರ ಕೂಟಕ್ಕೆ ವೈದ್ಯರು ರೊಟೇಟರ್ ಕಫ್ ಎನ್ನುತ್ತಾರೆ. ಹೆಗಲ ಮೇಲೆ ಹೊರಗಿನಿಂದ ದುಂಡಗೆ ಕಾಣುವ ದೊಡ್ಡ ಸ್ನಾಯು ತೋಳನ್ನು ಮೇಲಕ್ಕೆಳೆದಾಗ, ಈ ನಾಲ್ಕು ಸೇರಿ ದುಂಡು ತಲೆಯನ್ನು ಬಟ್ಟಲಿಗೆ ಒತ್ತಿ ಹಿಡಿಯದಿದ್ದರೆ ತೋಳು ಏಳುವ ಬದಲು ಎಲುಬಿನ ತಲೆಯೇ ಮೇಲಕ್ಕೆ ಜಾರುತ್ತದೆ. ಮುಂದೆ ಬರುವ ತೊಡಕುಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುವಂಥವು.

ನಾಲ್ಕರಲ್ಲಿ ಅತಿ ಹೆಚ್ಚು ಹರಿಯುವುದು ಮೇಲಿನದು. ಅದರ ಹೆಸರು ಸುಪ್ರಾಸ್ಪೈನೇಟಸ್. ಅದು ಅಕ್ರೋಮಿಯನ್ ಎಂಬ ಎಲುಬಿನ ಸೂರಿನ ಕೆಳಗೆ ಹಾದು ತೋಳಿನ ಎಲುಬಿಗೆ ಅಂಟಿಕೊಳ್ಳುತ್ತದೆ. ಸೂರಿಗೂ ರಜ್ಜುವಿಗೂ ನಡುವೆ ಬರ್ಸಾ ಎಂಬ ತೆಳು ಚೀಲವಿದ್ದು, ಉಜ್ಜಾಟ ತಗ್ಗಿಸುವುದು ಅದರ ಕೆಲಸ. ನೋವಿನ ನರತುದಿಗಳು ಅದರಲ್ಲಿ ಹೇರಳವಾಗಿರುವುದರಿಂದ ಅದು ಉರಿಗೊಂಡರೆ ನಿದ್ದೆ ಕೆಡುತ್ತದೆ.

ವಯಸ್ಸಾದಂತೆ ಈ ರಜ್ಜು ಒಳಗಿನಿಂದ ದುರ್ಬಲವಾಗುತ್ತ ಹೋಗುತ್ತದೆ. ಅದರ ಎಳೆಗಳ ಜೋಡಣೆ ಕೆಡುತ್ತದೆ, ರಕ್ತ ಸಂಚಾರ ಕಡಿಮೆಯಾಗುತ್ತದೆ, ಸಣ್ಣ ಗಾಯ ಮಾಯುವ ವೇಗ ತಗ್ಗುತ್ತದೆ. ಬಹಳ ವರ್ಷ ಉಟ್ಟು ಒಗೆದ ಧೋತರ ಒಂದು ದಿನ ಕಾರಣವಿಲ್ಲದೆ ಹರಿಯಿತೆಂದು ತೋರಿದರೂ, ಹರಿಯುವ ಮುಂಚೆ ಅದು ಎಷ್ಟೋ ದಿನ ಜಾಳಾಗಿರುತ್ತದೆ. ರಜ್ಜುವಿನ ಕಥೆಯೂ ಹಾಗೆಯೇ. ಸಿಹಿಮೂತ್ರ, ಬೀಡಿ-ಸಿಗರೇಟು, ರಕ್ತದಲ್ಲಿ ಹೆಚ್ಚಿದ ಕೊಬ್ಬು, ಮನೆತನದ ಗುಣ ಮತ್ತು ಭಾರ ಎತ್ತುವ ಅಥವಾ ಕೈ ಮೇಲೆ ಮಾಡಿಯೇ ದುಡಿಯುವ ಉದ್ಯೋಗ ಈ ಸವೆತವನ್ನು ಬೇಗ ತರುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲರು, ಗೋಡೆಗೆ ಬಣ್ಣ ಹಚ್ಚುವವರು, ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಗಾಡಿಯ ಕೆಳಗೆ ಮಲಗಿ ಕೈ ಮೇಲೆತ್ತಿ ಕೆಲಸ ಮಾಡುವವರು ನಲವತ್ತರ ಕೊನೆಗೇ ಈ ನೋವು ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಹರಿದ ರಜ್ಜುವೆಲ್ಲ ನೋಯುವುದಿಲ್ಲ ಎಂಬುದು ಓದುಗರು ಗಟ್ಟಿಯಾಗಿ ನೆನಪಿಡಬೇಕಾದ ಮಾತು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಗಲಿನ ಯಾವ ದೂರೂ ಇಲ್ಲದವರನ್ನೇ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೋಡಿದಾಗ, 60 ದಾಟಿದವರಲ್ಲಿ ಶೇ. 54ರಷ್ಟು ಮಂದಿಗೆ ಭಾಗಶಃ ಅಥವಾ ಪೂರ್ಣ ಹರಿತ, ಅಂದರೆ ರಜ್ಜು ಹರಿದಿರುವುದು, ಕಂಡಿತು. ಆದ್ದರಿಂದ ರಿಪೋರ್ಟಿನಲ್ಲಿ ‘ಟೇರ್’ ಎಂಬ ಪದ ಕಂಡೊಡನೆ ಗಾಬರಿಯಾಗುವ ಕಾರಣವಿಲ್ಲ. ಆ ಹರಿತ ಇಂದಿನ ನೋವಿಗೆ ಕಾರಣವೋ, ಅಥವಾ ತಲೆಗೂದಲು ನೆರೆತಂತೆ ವಯಸ್ಸಿನ ಗುರುತೋ ಎಂಬುದನ್ನು ಕೈ ಮುಟ್ಟಿ ಪರೀಕ್ಷೆ ಮಾಡಿಯೇ ತಿಳಿಯಬೇಕು.

ಇನ್ನು ಎಲುಬಿನ ಮುಳ್ಳಿನ ವಿಚಾರ. 1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್, ಸೂರಿನ ಮುಂಭಾಗದ ಎಲುಬು ಮತ್ತು ಅಲ್ಲಿನ ಮುಳ್ಳು ರಜ್ಜುವಿಗೆ ಉಜ್ಜಿ ಉಜ್ಜಿ ಅದನ್ನು ಹರಿಯುತ್ತವೆ ಎಂದು ವಾದಿಸಿ, ಆ ಎಲುಬನ್ನು ಕೆತ್ತುವ ಶಸ್ತ್ರಚಿಕಿತ್ಸೆಯನ್ನು ವಿವರಿಸಿದರು. 1986ರಲ್ಲಿ ಬಿಗ್ಲಿಯಾನಿ ಮತ್ತು ಸಂಗಡಿಗರು ಈ ಸೂರನ್ನು ಸಪಾಟು, ಬಾಗಿದ್ದು, ಕೊಕ್ಕೆಯಂಥದ್ದು ಎಂದು ಮೂರು ಬಗೆಯಾಗಿ ವಿಂಗಡಿಸಿ, ಕೊಕ್ಕೆಯಾಕಾರದವರಲ್ಲಿ ಹರಿತ ಹೆಚ್ಚೆಂದು ತೋರಿಸಿದರು. ನೋಡಿದವರಿಗೆ ಈ ವಾದ ಒಪ್ಪಿತವಾಗುವಂತಿತ್ತು. ಬಾಗಿಲ ಮೊಳೆಗೆ ಬಟ್ಟೆ ಸಿಕ್ಕು ಹರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಅನೇಕರಲ್ಲಿ ಹರಿತ ಮೊದಲಾಗುವುದು ರಜ್ಜುವಿನ ಒಳಗೆ ಅಥವಾ ಕೀಲಿನ ಕಡೆಯ ಮುಖದಲ್ಲಿ, ಸೂರಿಗೆ ತಾಗುವ ಮೇಲ್ಮುಖದಲ್ಲಿ ಅಲ್ಲ. ಮುಳ್ಳು ಸಾಮಾನ್ಯವಾಗಿ ಬೆಳೆಯುವುದೂ ಸೂರಿಗೆ ಅಂಟಿದ ಒಂದು ಕಟ್ಟುನಾರಿನೊಳಗೆ, ಅಂದರೆ ಲಿಗಮೆಂಟಿನೊಳಗೆ. ರಜ್ಜು ಸೋತು ತೋಳಿನ ತಲೆ ಮೇಲಕ್ಕೆ ಒತ್ತತೊಡಗಿದಾಗ ಆ ನಾರಿನ ಮೇಲೆ ಎಳೆತ ಬೀಳುತ್ತದೆ, ಎಳೆತ ಬಿದ್ದಲ್ಲಿ ಎಲುಬು ಕಟ್ಟಿಕೊಳ್ಳುತ್ತದೆ. ಅಂದರೆ ಎಷ್ಟೋ ಹೆಗಲುಗಳಲ್ಲಿ ಮುಳ್ಳು ಸವೆತಕ್ಕೆ ಕಾರಣವಾಗಿರದೆ ಅದರ ಫಲವೂ ಆಗಿರಬಹುದು. ದೊಡ್ಡದಾಗಿ, ಚೂಪಾಗಿ ಕೆಳಮುಖವಾಗಿ ಬೆಳೆದ ಮುಳ್ಳು ಈಗಾಗಲೇ ಜಾಳಾದ ರಜ್ಜುವನ್ನು ಇನ್ನಷ್ಟು ಉಜ್ಜಬಲ್ಲದು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೊಂದನ್ನೇ ಕೆತ್ತಿದರೆ ರೋಗ ಹೋಗುತ್ತದೆ ಎಂಬುದು ಬೇರೆಯೇ ಮಾತು.

ಆ ಮಾತನ್ನು ಪರೀಕ್ಷೆಗೆ ಒಡ್ಡಿದ್ದಾರೆ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ, ಪೂರ್ಣ ಹರಿತವಿಲ್ಲದ ಹೆಗಲ ನೋವಿನ ರೋಗಿಗಳಲ್ಲಿ ಕೆಲವರಿಗೆ ಎಲುಬು ಕೆತ್ತಿದರು, ಕೆಲವರಿಗೆ ದುರ್ಬೀನು ಹಾಕಿ ನೋಡಿ ಏನನ್ನೂ ಕೆತ್ತದೆ ಚರ್ಮಕ್ಕಷ್ಟೇ ಹೊಲಿಗೆ ಹಾಕಿದರು, ಉಳಿದವರಿಗೆ ಶಸ್ತ್ರಚಿಕಿತ್ಸೆಯನ್ನೇ ಮಾಡಲಿಲ್ಲ. ಕೆತ್ತಿಸಿಕೊಂಡವರಿಗೂ ದುರ್ಬೀನಿನಿಂದ ಬರೀ ನೋಡಿಸಿಕೊಂಡವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಫಿನ್‌ಲೆಂಡಿನ ಇನ್ನೊಂದು ಅಧ್ಯಯನವೂ ಇದೇ ತೀರ್ಮಾನಕ್ಕೆ ಬಂದಿತು. 2019ರಲ್ಲಿ ಬಿಎಂಜೆ (ಬ್ರಿಟಿಷ್ ಮೆಡಿಕಲ್ ಜರ್ನಲ್) ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ, ಇಂಥ ನೋವಿಗೆ ಬರೀ ಎಲುಬು ಕೆತ್ತುವ ಶಸ್ತ್ರಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಹೇಳಿತು. ಅವ್ವ ಎಕ್ಸ್‌ರೇ ಹಿಡಿದು ಬಂದಾಗ ಈ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವಳ ಹೆಗಲಿನ ಬಗ್ಗೆ ನಾವು ಕೇಳುವ ಪ್ರಶ್ನೆಯೇ ಬದಲಾಯಿತು. ಮುಳ್ಳು ಎಷ್ಟು ದೊಡ್ಡದು ಎನ್ನುವುದನ್ನು ಬಿಟ್ಟು, ರಜ್ಜು ಎಷ್ಟು ಹರಿದಿದೆ, ಸ್ನಾಯು ಹೇಗಿದೆ ಎಂದು ಕೇಳತೊಡಗಿದೆವು.

ಇದನ್ನು ತಿಳಿಯಲು ಮೊದಲ ಸಾಧನ ವೈದ್ಯರ ಕೈ. ತೋಳನ್ನು ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಮಾತ್ರ ನೋವು ಹೆಚ್ಚುವುದು, ತಾವಾಗಿ ಎತ್ತಲಾಗದ ಕೈಯನ್ನು ಇನ್ನೊಬ್ಬರು ಎತ್ತಿದರೆ ಪೂರ್ತಿ ಏಳುವುದು, ಎತ್ತಿ ಬಿಟ್ಟ ಕೈ ನಿಧಾನವಾಗಿ ಇಳಿಯದೆ ಧೊಪ್ಪನೆ ಬೀಳುವುದು, ಮೊಣಕೈ ಮಡಿಸಿ ಹೊರಕ್ಕೆ ತಳ್ಳುವ ಬಲ ಕುಗ್ಗಿರುವುದು ಇವೆಲ್ಲ ರಜ್ಜುವಿನ ಕಡೆ ಬೆರಳು ತೋರಿಸುತ್ತವೆ. ಇನ್ನೊಬ್ಬರು ಎತ್ತಿದರೂ ಕೈ ಏಳದಿದ್ದರೆ ಅದು ಹೆಚ್ಚಾಗಿ ಹೆಗಲು ಬಿಗಿದುಕೊಂಡ ‘ಫ್ರೋಜನ್ ಶೋಲ್ಡರ್’, ಅದರ ಚಿಕಿತ್ಸೆಯೇ ಬೇರೆ. ಕುತ್ತಿಗೆಯಲ್ಲಿ ನರ ಒತ್ತಿದಾಗಲೂ ನೋವು ಹೆಗಲಿಗೆ ಬರುತ್ತದೆ, ಆದರೆ ಅದು ಮೊಣಕೈ ದಾಟಿ ಬೆರಳಿನವರೆಗೆ ಜುಮುಗುಡುತ್ತ ಇಳಿಯುವುದು ಸಾಮಾನ್ಯ. ಎಡ ಹೆಗಲಿನ ನೋವು ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚಾಗಿ ಬೆವರು, ಉಬ್ಬಸ ಬಂದರೆ ಎಲುಬಿನ ಡಾಕ್ಟರರನ್ನು ಹುಡುಕುತ್ತ ಕೂಡದೆ ಆ ಕ್ಷಣವೇ ಹೃದಯದ ತಪಾಸಣೆಗೆ ಹೋಗಬೇಕು.

ಎಕ್ಸ್‌ರೇ ನಿಷ್ಪ್ರಯೋಜಕವಲ್ಲ. ತೋಳಿನ ತಲೆಗೂ ಸೂರಿಗೂ ನಡುವಿನ ಅಂತರ 7 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ರಜ್ಜು ದೊಡ್ಡದಾಗಿ ಹರಿದಿರುವ ಶಂಕೆ ಬಲವಾಗುತ್ತದೆ. ಮುಳ್ಳಿಗಿಂತ ಈ ಅಂತರವನ್ನು ಕೇಳಿ ತಿಳಿಯುವುದು ಹೆಚ್ಚು ಉಪಯುಕ್ತ. ಅನುಭವಿ ಕೈಯಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕಡಿಮೆ ಖರ್ಚಿನಲ್ಲಿ ಪೂರ್ಣ ಹರಿತವನ್ನು ಚೆನ್ನಾಗಿ ತೋರಿಸುತ್ತದೆ. ಎಂಆರ್‌ಐ ಹರಿತದ ಅಳತೆಯ ಜೊತೆಗೆ ಸ್ನಾಯುವಿನ ಗುಣವನ್ನೂ ತೋರಿಸುವುದರಿಂದ ಶಸ್ತ್ರಚಿಕಿತ್ಸೆಯ ಯೋಚನೆ ಇದ್ದಾಗ ಬೇಕಾಗುತ್ತದೆ; ಆ ಯೋಚನೆಯೇ ಇಲ್ಲದಿದ್ದರೆ ಮೊದಲ ದಿನವೇ ಅದಕ್ಕೆ ಹಣ ಸುರಿಯುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಹರಿತವನ್ನು ಹಾಗೆಯೇ ಬಿಟ್ಟರೆ ಏನಾಗಬಹುದು? ಸವೆತದಿಂದಾದ ಪೂರ್ಣ ಹರಿತ ತಾನಾಗಿ ಕೂಡಿಕೊಳ್ಳುವುದಿಲ್ಲ. ಅದು ವರ್ಷಗಟ್ಟಲೆ ಇದ್ದಷ್ಟೇ ಇರಬಹುದು, ನಿಧಾನವಾಗಿ ಹಿಗ್ಗಲೂಬಹುದು; ನೋವು ಹೊಸದಾಗಿ ಹೆಚ್ಚಾಗುವುದು ಕೆಲವೊಮ್ಮೆ ಹರಿತ ಹಿಗ್ಗಿದ ಸೂಚನೆ. ಹರಿದ ರಜ್ಜು ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ. ಎಳೆಯುವ ಕೆಲಸ ತಪ್ಪಿದ ಸ್ನಾಯು ಸೊರಗುತ್ತದೆ, ಕ್ರಮೇಣ ಅದರ ಎಳೆಗಳ ನಡುವೆ ಕೊಬ್ಬು ತುಂಬಿಕೊಳ್ಳುತ್ತದೆ. ಫ್ರಾನ್ಸಿನ ಗುಟಾಲಿಯೆ 1994ರಲ್ಲಿ ಈ ಕೊಬ್ಬಿನ ಪ್ರಮಾಣವನ್ನು ಸೊನ್ನೆಯಿಂದ ನಾಲ್ಕರವರೆಗಿನ ಹಂತಗಳಲ್ಲಿ ಗುರುತಿಸುವ ಕ್ರಮವನ್ನು ಕೊಟ್ಟರು. ಮೂರನೆಯ ಹಂತದಲ್ಲಿ ಕೊಬ್ಬು ಮತ್ತು ಸ್ನಾಯು ಸಮಸಮ, ನಾಲ್ಕರಲ್ಲಿ ಕೊಬ್ಬೇ ಹೆಚ್ಚು. ಹೀಗೆ ತುಂಬಿದ ಕೊಬ್ಬು, ರಜ್ಜುವನ್ನು ಆಮೇಲೆ ಹೊಲಿದರೂ ಬಹುಮಟ್ಟಿಗೆ ಕರಗಿ ಹೋಗುವುದಿಲ್ಲ. ಕಾಯುವುದರಲ್ಲಿ ನಿಜವಾದ ಅಪಾಯವೆಂದರೆ ಇದು, ಮತ್ತು ಇದು ನೋವಿನ ಮೂಲಕ ತಿಳಿಯುವುದಿಲ್ಲ. ಬಲ ಕುಗ್ಗುವುದರ ಮೂಲಕ ತಿಳಿಯುತ್ತದೆ.

ಹರಿತ ಬಹಳ ದೊಡ್ಡದಾದಾಗ ಮೊದಲು ಹೇಳಿದ ಗಾಡಿಯ ಹಗ್ಗ ಪೂರ್ತಿ ಸಡಿಲವಾದಂತಾಗಿ, ತೋಳಿನ ತಲೆ ಮೇಲಕ್ಕೆ ಸರಿದು ಸೂರಿಗೇ ತಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಹಾಯುವ ರಟ್ಟೆಯ ಸ್ನಾಯುವಿನ ಉದ್ದ ರಜ್ಜು ಸವೆದು ಒಂದು ದಿನ ಟಪ್ಪನೆ ಹರಿದು, ರಟ್ಟೆಯಲ್ಲಿ ಗಂಟಿನಂಥ ಉಬ್ಬು ಕಾಣಿಸಬಹುದು. ವಿಚಿತ್ರವೆಂದರೆ ಇದಾದ ಮೇಲೆ ಕೆಲವರ ನೋವು ಕಡಿಮೆಯಾಗುತ್ತದೆ. ವರ್ಷಗಳು ಕಳೆದಂತೆ ಕೀಲಿನ ಎಲುಬುಗಳ ಮೇಲಿನ ನುಣುಪು ಹೊದಿಕೆಯಾದ ಮೃದ್ವಸ್ಥಿ ಕರಗಿ, ಎಲುಬಿಗೆ ಎಲುಬು ತಿಕ್ಕುವ ಸಂಧಿವಾತ ಬರಬಹುದು. ಇದನ್ನು 1983ರಲ್ಲಿ ನೀರ್ ಅವರೇ ಒಂದು ಪ್ರತ್ಯೇಕ ರೋಗವಾಗಿ ಬಣ್ಣಿಸಿದರು. ಆ ಹಂತಕ್ಕೆ ಬಂದವರಲ್ಲಿ ಕೆಲವರಿಗೆ ನರಗಳೆಲ್ಲ ಸರಿಯಾಗಿದ್ದರೂ ಲಕ್ವ ಹೊಡೆದಂತೆ ಕೈ ಎತ್ತಲಾಗುವುದಿಲ್ಲ. ದೊಡ್ಡ ಹರಿತವಿದ್ದವರೆಲ್ಲ ಇಲ್ಲಿಗೆ ತಲಪುತ್ತಾರೆಂದು ತಿಳಿಯಬಾರದು. ಹಲವರು ಮುಂದಿನ ಮತ್ತು ಹಿಂದಿನ ರಜ್ಜುಗಳ ಬಲದಿಂದಲೇ ದಿನದ ಕೆಲಸ ಸಾಗಿಸುತ್ತಾರೆ.

ಚಿಕಿತ್ಸೆಗೆ ಬರೋಣ. ಬಿದ್ದು ಪೆಟ್ಟಾಗದೆ, ನಿಧಾನವಾಗಿ ಬಂದ ನೋವಿಗೆ ಮೊದಲ ಮೂರು ತಿಂಗಳು ವ್ಯಾಯಾಮ. ಈ ಮಾತು ಕೇಳಿದೊಡನೆ ನಮ್ಮವರ ಮುಖ ಸಪ್ಪಗಾಗುತ್ತದೆ; ಗುಳಿಗೆ, ಸೂಜಿಗಳ ಮೇಲಿರುವ ನಂಬಿಕೆ ವ್ಯಾಯಾಮದ ಮೇಲೆ ಇಲ್ಲ. ಅಮೆರಿಕದಲ್ಲಿ ಪೆಟ್ಟಿಲ್ಲದೆ ಪೂರ್ಣ ಹರಿತವಾಗಿದ್ದ 452 ಜನರಿಗೆ ಮೊದಲು ವ್ಯಾಯಾಮವನ್ನೇ ಕಲಿಸಿ ಎರಡು ವರ್ಷ ಹಿಂಬಾಲಿಸಿದಾಗ, ಶಸ್ತ್ರಚಿಕಿತ್ಸೆಗೆ ಹೋದವರು ಕಾಲುಭಾಗಕ್ಕಿಂತ ಕಡಿಮೆ, ಮತ್ತು ಹಾಗೆ ಹೋದವರಲ್ಲಿ ಹೆಚ್ಚಿನವರು ಮೊದಲ ಮೂರು ತಿಂಗಳಲ್ಲೇ ತೀರ್ಮಾನ ಮಾಡಿದ್ದರು. ರಜ್ಜು ಕೂಡಿಕೊಳ್ಳದೆಯೇ ಇವರಿಗೆ ಗುಣ ಕಂಡದ್ದು, ಉಳಿದ ರಜ್ಜುಗಳು ಮತ್ತು ಹೆಗಲ ಹಲಗೆಯ ಸುತ್ತಲಿನ ಸ್ನಾಯುಗಳು ಹರಿದದ್ದರ ಪಾಲಿನ ಕೆಲಸವನ್ನು ವಹಿಸಿಕೊಂಡದ್ದರಿಂದ.

ಅವ್ವನಿಗೆ ಫಿಜಿಯೋಥೆರಪಿಸ್ಟ್ ಹೇಳಿಕೊಟ್ಟ ಕ್ರಮ ಹೀಗಿತ್ತು. ಮೊದಲು ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ಸಡಿಲವಾಗಿ ತೂಗುವುದು. ಟೇಬಲ್ಲಿನ ಮೇಲೆ ಬಟ್ಟೆಯಿಟ್ಟು ಅಂಗೈಯನ್ನು ಮುಂದಕ್ಕೆ ಜಾರಿಸುವುದು. ಮಲಗಿಕೊಂಡು ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಎತ್ತುವುದು. ನೋವು ತಗ್ಗಿದ ಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವುದು, ಹೆಗಲ ಹಲಗೆಗಳನ್ನು ಹಿಂದಕ್ಕೆ ಕೂಡಿಸಿ ಹಿಡಿಯುವುದು, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು. ವ್ಯಾಯಾಮದಲ್ಲಿ ಸಣ್ಣ ನೋವಾದರೆ ಅಡ್ಡಿಯಿಲ್ಲ, ಅದು ರಾತ್ರಿಯಿಡೀ ಉಳಿದರೆ ಮರುದಿನ ಅರ್ಧ ಮಾಡಬೇಕು ಎಂಬುದು ಅವರು ಕೊಟ್ಟ ಅಳತೆ. ಆರು ವಾರ ಏನೂ ಬದಲಾಗಲಿಲ್ಲ, ಅವ್ವ ಬೇಸತ್ತಳು. ಎರಡು ತಿಂಗಳ ಹೊತ್ತಿಗೆ ರಾತ್ರಿಯ ನಿದ್ದೆ ಬಂತು. ಐದನೆಯ ತಿಂಗಳಲ್ಲಿ ಹೆರಳು ತಾನೇ ಹಾಕಿಕೊಂಡಳು.

ನೋವಿನ ಗುಳಿಗೆಗಳು ವ್ಯಾಯಾಮ ಮಾಡುವಷ್ಟು ಬಿಡುವು ಕೊಡುತ್ತವೆ, ಅಷ್ಟೇ. ಬಿ.ಪಿ., ಸಿಹಿಮೂತ್ರ, ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು ಇರುವವರು ಔಷಧದ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವುದು ಅಪಾಯಕರ. ಸ್ಟೀರಾಯ್ಡ್ ಸೂಜಿ ಬರ್ಸಾದ ಉರಿಯನ್ನು ಕೆಲವು ವಾರಗಳ ಮಟ್ಟಿಗೆ ಇಳಿಸುತ್ತದೆ. ನಿದ್ದೆಯೇ ಇಲ್ಲದವರಿಗೆ ಒಂದು ಸೂಜಿ ಉಪಕಾರವೇ. ಆದರೆ ಮೇಲಿಂದ ಮೇಲೆ ಹಾಕಿಸಿಕೊಂಡರೆ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ, ಸಿಹಿಮೂತ್ರ ಇರುವವರಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ, ಶಸ್ತ್ರಚಿಕಿತ್ಸೆಗೆ ಒಂದು ತಿಂಗಳ ಒಳಗೆ ಹಾಕಿಸಿಕೊಂಡರೆ ಸೋಂಕಿನ ಭಯ ಹೆಚ್ಚುತ್ತದೆ. ನೋಯುವ ಹೆಗಲನ್ನು ಜಗ್ಗಿ, ತಿರುವಿ ಬಲವಾಗಿ ತಿಕ್ಕಿಸುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ.

ಕಾಯಬಾರದ ಸಂದರ್ಭವೊಂದಿದೆ. ನಮ್ಮ ಪರಿಚಯದ ಹಮಾಲರೊಬ್ಬರು, ವಯಸ್ಸು 52, ಒಟ್ಟಿದ ಚೀಲಗಳ ಮೇಲಿನಿಂದ ಜಾರಿ ಬಿದ್ದು ಕೈ ಊರಿದರು. ಅಂದಿನವರೆಗೆ ತಲೆಯ ಮೇಲಕ್ಕೆ ಏಳುತ್ತಿದ್ದ ಕೈ ಮರುದಿನದಿಂದ ಏಳಲಿಲ್ಲ. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ, ಮುಳ್ಳು ಮಾತ್ರ ಕಂಡಿತು. ಹಳೆಯ ಸವೆತವೆಂದು ಎಣ್ಣೆ ಹಚ್ಚಿಸುತ್ತ, ಪಟ್ಟು ಕಟ್ಟಿಸಿಕೊಳ್ಳುತ್ತ ಹತ್ತು ತಿಂಗಳು ಕಳೆದವು. ಕೊನೆಗೆ ಎಂಆರ್‌ಐ ಮಾಡಿಸಿದಾಗ ರಜ್ಜು ಬಹಳ ಹಿಂದೆ ಸರಿದು ಸ್ನಾಯುವಿನಲ್ಲಿ ಕೊಬ್ಬು ತುಂಬಿತ್ತು. ಜಾಳಾದ ರಜ್ಜು ಪೆಟ್ಟಿನಿಂದ ಒಮ್ಮೆಲೇ ಹರಿದಾಗ, ದುಡಿಯುವ ವಯಸ್ಸಿನವರಲ್ಲಿ ವಾರಗಳ ಒಳಗೆ ಹೊಲಿಯುವುದು ಸರಿಯಾದ ಮಾರ್ಗ. ಬಿದ್ದ ಮೇಲೆ ಕೈ ಏಳದಿದ್ದರೆ ಎಕ್ಸ್‌ರೇ ಸರಿಯಿದೆಯೆಂದು ಸುಮ್ಮನಾಗದೆ ಸ್ಕ್ಯಾನಿಂಗ್ ಕೇಳಬೇಕೆಂಬ ಒಂದು ಮಾತು ಅವರಿಗೆ ಆಗ ಯಾರಾದರೂ ಹೇಳಿದ್ದರೆ ಎಂದು ಇಂದಿಗೂ ನನಗೆ ಸಂಕಟವಾಗುತ್ತದೆ.

ಪೆಟ್ಟಿಲ್ಲದ ಹರಿತದಲ್ಲಿ ಹೊಲಿಗೆ ಯಾರಿಗೆ ಎಂಬುದು ಅಷ್ಟು ಸರಳವಾಗಿಲ್ಲ. ಫಿನ್‌ಲೆಂಡಿನಲ್ಲಿ 55 ದಾಟಿದವರ 180 ಹೆಗಲುಗಳನ್ನು ವ್ಯಾಯಾಮ, ವ್ಯಾಯಾಮದೊಡನೆ ಎಲುಬು ಕೆತ್ತುವಿಕೆ, ಇವೆರಡರೊಡನೆ ಹೊಲಿಗೆ ಎಂದು ಮೂರು ಗುಂಪು ಮಾಡಿ ನೋಡಿದಾಗ ಎರಡು ವರ್ಷದಲ್ಲಿ ಗಣ್ಯ ಅಂತರ ಕಾಣಲಿಲ್ಲ. ನಾರ್ವೆಯಲ್ಲಿ 3 ಸೆಂಟಿಮೀಟರ್ ಮೀರದ ಹರಿತದ 103 ಜನರನ್ನು ಹತ್ತು ವರ್ಷ ಹಿಂಬಾಲಿಸಿದಾಗ ಹೊಲಿಸಿಕೊಂಡವರ ಸ್ಥಿತಿ ಉತ್ತಮವಾಗಿತ್ತು. ಎರಡನ್ನೂ ಕೂಡಿಸಿ ಓದಿದರೆ ನನಗೆ ತೋರುವುದಿಷ್ಟು: ಎಪ್ಪತ್ತರ ಆಸುಪಾಸಿನವರು ಆತುರಪಡಬೇಕಿಲ್ಲ, ಐವತ್ತರ ಆಸುಪಾಸಿನಲ್ಲಿದ್ದು, ಇನ್ನೂ ಹತ್ತು ಹದಿನೈದು ವರ್ಷ ಆ ಕೈಯಿಂದಲೇ ದುಡಿಯಬೇಕಾದವರು, ಮೂರು ತಿಂಗಳ ಶ್ರದ್ಧೆಯ ವ್ಯಾಯಾಮದಿಂದ ಗುಣ ಕಾಣದಿದ್ದರೆ, ಸ್ನಾಯು ಇನ್ನೂ ಚೆನ್ನಾಗಿರುವಾಗಲೇ ಹೊಲಿಗೆಯ ವಿಚಾರ ಮಾಡುವುದು ಒಳ್ಳೆಯದು.

ಜನ ‘ಲೇಸರ್ ಆಪರೇಷನ್’ ಎಂದು ಕರೆಯುವ ಈ ಹೊಲಿಗೆಯಲ್ಲಿ ಲೇಸರ್ ಏನೂ ಇಲ್ಲ. ಅದರ ಹೆಸರು ಆರ್ತ್ರೋಸ್ಕೋಪಿ. ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಸಲಕರಣೆ ಇಳಿಸಿ, ದಾರ ಕಟ್ಟಿದ ಸಣ್ಣ ಮೊಳೆಗಳನ್ನು ತೋಳಿನ ಎಲುಬಿನಲ್ಲಿ ಕೂರಿಸಿ, ರಜ್ಜುವನ್ನು ಎಳೆದು ಎಲುಬಿಗೆ ಬಿಗಿಯುತ್ತಾರೆ. ಹೊಲಿಯುವಾಗ ರಜ್ಜುವಿಗೆ ಚುಚ್ಚುವಂತಿರುವ ಮುಳ್ಳನ್ನು ಅಷ್ಟರಮಟ್ಟಿಗೆ ನಯಗೊಳಿಸುವುದುಂಟು. ಅತಿಯಾಗಿ ಕೆತ್ತಿದರೆ ಸೂರಿನ ಎಲುಬೇ ಮುರಿಯಬಹುದು. ಹೊಲಿಯಲಾಗದಷ್ಟು ದೊಡ್ಡ ಹರಿತವಿದ್ದಾಗ ಸೂರಿನ ಮುಂದಿನ ಕಟ್ಟುನಾರನ್ನು ಕತ್ತರಿಸಿದರೆ ತೋಳಿನ ತಲೆಯನ್ನು ತಡೆದಿದ್ದ ಕೊನೆಯ ಅಡ್ಡಗಟ್ಟೂ ಹೋಗಿ ಅದು ಮುಂದಕ್ಕೆ, ಮೇಲಕ್ಕೆ ನುಗ್ಗುತ್ತದೆ. ಮುಳ್ಳು ಕೆತ್ತಿಸಿದರೆ ಆರಾಮವೆಂಬ ಮಾತಿನ ಹಿಂದೆ ಇಂಥ ಗಂಡಾಂತರವೂ ಇದೆಯೆಂದು ರೋಗಿಗೆ ತಿಳಿದಿರಬೇಕು.

ಹೊಲಿಗೆಯ ದೊಡ್ಡ ತೊಡಕು ಮತ್ತೆ ಹರಿಯುವುದು. ಜೀರ್ಣವಾದ ಧೋತರಕ್ಕೆ ಹೊಸ ದಾರ ಹಾಕಿದರೆ ದಾರ ಗಟ್ಟಿಯಾಗಿಯೇ ಇರುತ್ತದೆ, ಅದರ ಪಕ್ಕದ ಬಟ್ಟೆ ಪಿಸಿಯುತ್ತದೆ. ರಜ್ಜುವಿನಲ್ಲೂ ಹೊಲಿಗೆ ಸೋಲುವುದು ಹೆಚ್ಚಾಗಿ ಹೀಗೆಯೇ. 2004ರ ಒಂದು ವರದಿಯಲ್ಲಿ ದೊಡ್ಡ ಹರಿತವನ್ನು ಹೊಲಿದ 18 ಜನರಲ್ಲಿ 17 ಮಂದಿಗೆ ರಜ್ಜು ಮತ್ತೆ ಹರಿದಿತ್ತು. ಹಾಗಿದ್ದೂ ಅವರಲ್ಲಿ ಹಲವರ ನೋವು ಇಳಿದಿತ್ತು. ಸಣ್ಣ ಹರಿತಗಳಲ್ಲಿ ಫಲ ಇದಕ್ಕಿಂತ ಎಷ್ಟೋ ಚೆನ್ನ. ವಯಸ್ಸು, ಹರಿತದ ಅಳತೆ, ಕೊಬ್ಬಿನ ಹಂತ, ಬೀಡಿ-ಸಿಗರೇಟು, ಹತೋಟಿಯಿಲ್ಲದ ಸಕ್ಕರೆ ಮರುಹರಿತವನ್ನು ಹೆಚ್ಚಿಸುತ್ತವೆ. ಇವುಗಳಲ್ಲಿ ಕೊನೆಯ ಎರಡು ನಮ್ಮ ಕೈಯಲ್ಲಿವೆ. ಹೆಗಲು ಬಿಗಿದುಕೊಳ್ಳುವುದು ಇನ್ನೊಂದು ತೊಡಕು, ಅದು ಹೆಚ್ಚಾಗಿ ತಿಂಗಳುಗಳಲ್ಲಿ ಸಡಿಲವಾಗುತ್ತದೆ. ಸೋಂಕು ಮತ್ತು ನರದ ಗಾಯ ವಿರಳ.

ಆಪರೇಷನ್ನಿನ ಅನಂತರದ ದಿನಗಳ ಬಗ್ಗೆ ಮುಂಚಿತವಾಗಿ ತಿಳಿದಿರುವುದು ಬಹಳ ಮುಖ್ಯ. ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿರುತ್ತದೆ, ಇನ್ನೊಬ್ಬರ ಸಹಾಯದಿಂದ ಮಾತ್ರ ಅದನ್ನು ಅಲುಗಿಸಬೇಕು. ಆರು ವಾರದ ಆಚೆಗೆ ತಾನಾಗಿ ಎತ್ತುವುದು, ಮೂರು ತಿಂಗಳ ಆಚೆಗೆ ಬಲ ಕೂಡಿಸುವ ವ್ಯಾಯಾಮ, ಭಾರದ ಕೆಲಸಕ್ಕೆ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು. ದಿನಗೂಲಿಯ ಮನೆಗೆ ಆರು ತಿಂಗಳ ಗಳಿಕೆ ನಿಲ್ಲುವುದೆಂದರೆ ಆಸ್ಪತ್ರೆಯ ಬಿಲ್ಲಿಗಿಂತ ದೊಡ್ಡ ಹೊರೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಆಪರೇಷನ್ ಮಾಡಿಸಿಕೊಂಡವರು ಎರಡನೆಯ ತಿಂಗಳಲ್ಲೇ ಚೀಲ ಎತ್ತಿ ಹೊಲಿಗೆ ಕಿತ್ತುಕೊಳ್ಳುತ್ತಾರೆ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ತಮ್ಮ ಚಿಕಿತ್ಸೆ ಒಳಗೊಂಡಿದೆಯೇ, ಮೊಳೆಗಳ ಬೆಲೆ ಅದರಲ್ಲಿ ಸೇರಿದೆಯೇ ಎಂಬುದನ್ನು ಭರ್ತಿಯಾಗುವ ಮೊದಲೇ ಆಸ್ಪತ್ರೆಯಲ್ಲಿ ಕೇಳಿ ತಿಳಿಯಬೇಕು.

ಹೊಲಿಯಲಾಗದ ಹರಿತಕ್ಕೆ ಬೇರೆ ಸ್ನಾಯುವಿನ ರಜ್ಜುವನ್ನು ತಂದು ಜೋಡಿಸುವ ವಿಧಾನಗಳಿವೆ. ಸೂರಿನ ಕೆಳಗೆ ಬಲೂನು ಇಡುವ ಕ್ರಮವೂ ಬಂದಿತ್ತು, ಆದರೆ 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪರೀಕ್ಷೆಯಲ್ಲಿ ಬಲೂನು ಇಡದವರೇ ಹೆಚ್ಚು ಗುಣ ಕಂಡರು. ಕೀಲೂ ಸವೆದು ಕೈ ಎತ್ತಲಾಗದ ವೃದ್ಧರಿಗೆ, 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮೊಂ ರೂಪಿಸಿದ ತಿರುವುಮುರುವು ಕೃತಕ ಕೀಲು ಇದೆ. ಅದರಲ್ಲಿ ಗುಂಡನ್ನು ಬಟ್ಟಲಿನ ಜಾಗದಲ್ಲಿ, ಬಟ್ಟಲನ್ನು ಗುಂಡಿನ ಜಾಗದಲ್ಲಿ ಕೂರಿಸುವುದರಿಂದ, ಹರಿದ ರಜ್ಜುಗಳ ನೆರವಿಲ್ಲದೆ ಹೊರಗಿನ ದೊಡ್ಡ ಸ್ನಾಯುವೊಂದೇ ಕೈ ಎತ್ತಬಲ್ಲದು. ಸಾಮಾನ್ಯವಾಗಿ ಎಪ್ಪತ್ತರ ಆಸುಪಾಸಿನವರಿಗೇ ಇದನ್ನು ಮೀಸಲಿಡುತ್ತಾರೆ.

ಅವ್ವನ ಮನೆಯಲ್ಲಿ ಈಗ ದಿನದ ಡಬ್ಬಿಗಳೆಲ್ಲ ಎದೆಯ ಮಟ್ಟಕ್ಕೆ ಇಳಿದಿವೆ. ರಾತ್ರಿ ಒಳ್ಳೆಯ ಮಗ್ಗುಲಿಗೆ ಮಲಗಿ, ನೋಯುವ ತೋಳಿನ ಕೆಳಗೆ ಮಡಚಿದ ಕೌದಿ ಇಟ್ಟುಕೊಳ್ಳುತ್ತಾಳೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ನಿಂತು ಬರಬೇಕಾದಾಗ ಮೇಲಿನ ಕಂಬಿಗೆ ಜೋತುಬೀಳದೆ ಪಕ್ಕದ ಕಂಬ ಹಿಡಿಯುತ್ತಾಳೆ. ವಾರಕ್ಕೆ ಮೂರು ದಿನ ರಬ್ಬರ್ ಪಟ್ಟಿ ಎಳೆಯುವುದನ್ನು ಬಿಟ್ಟಿಲ್ಲ, ಮತ್ತು ವರ್ಷಕ್ಕೊಮ್ಮೆ ಡಾಕ್ಟರರ ಬಳಿ ಹೋಗಿ ಕೈಯ ಬಲವನ್ನು ಪರೀಕ್ಷೆ ಮಾಡಿಸಿಕೊಂಡು ಬರುತ್ತಾಳೆ.